ಬೇಲಿಯಾಚೆ ನಿಂತ ಕಾರು

"ಇನ್ನೊಂದ್ಸಲ ಮಾಡವ್ವ," ಅಂದ ತಿಪ್ಪೇರುದ್ರ.

ನರಸಿಂಹಮ್ಮ ಕಣ್ಣು ಮುಚ್ಚಿಕೊಂಡಳು. ಸೋಬಾನೆ ಶುರು ಮಾಡುವ ಮುಂಚೆ ಹೆಂಗಸರು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ ಒಮ್ಮೆ ಕೆಮ್ಮಿದಳು. ಆಮೇಲೆ ತುಟಿ ಬಿಗಿಹಿಡಿದು ಎದೆಯಿಂದ ಶಬ್ದ ತೆಗೆದಳು.

"ಗೂಂ... ಗೂಂಂಂಂ... ಗೂಂ... ಗೂಂಂಂಂ..."

ಏರಿತು, ಇಳಿಯಿತು, ಮತ್ತೆ ಏರಿತು. ಇದ್ದಕ್ಕಿದ್ದ ಹಾಗೆ "ಢಬ್" ಅಂದಳು. ಒಂದು ಗಳಿಗೆ ಮೌನ. ಆಮೇಲೆ ಹಲ್ಲಿನ ಸಂದಿಯಿಂದ ಸಣ್ಣಗೆ, "ಟಿಣ್. ಟಿಣ್. ಟಿಣ್... ಟಿಣ್..." ಬರಬರುತ್ತಾ ಒಂದು ಟಿಣ್‌ಗೂ ಇನ್ನೊಂದಕ್ಕೂ ನಡುವಿನ ಬಿಡುವು ಹೆಚ್ಚಿತು. ಕಡೆಗೆ ನಿಂತೇ ಹೋಯಿತು. ಅದಾದ ಮೇಲೆ, "ಗಿರ್ರ್, ಟಪ್. ಗಿರ್ರ್ರ್ರ್... ಟಪ್."

ಅಂಗಳದ ಆಚೆ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿ, ಲೊಚಗುಟ್ಟಿ ಮುಂದೆ ಹೋದರು. ಹೊಳವನಹಳ್ಳಿಗೆ ಹೊಳವನಹಳ್ಳಿಯೇ ಇದನ್ನು ಹುಚ್ಚು ಅಂತ ತೀರ್ಮಾನಿಸಿ ಆಗಿತ್ತು.

ಇಪ್ಪತ್ತಾರು ದಿನದ ಹಿಂದೆ ಅವಳ ಒಬ್ಬನೇ ಮಗ ರಂಗೇಶ ಊರಾಚೆಯ ತಿರುವಿನಲ್ಲಿ ಬೈಕಿನಿಂದ ಬಿದ್ದು ಸತ್ತಿದ್ದ. "ಕುಡಿದು ತಾನೇ ಬಿದ್ದ" ಅಂತ ಬರೆದು ಫೈಲು ಮುಚ್ಚುವ ಠಾಣೆಯ ಕಾಗದಕ್ಕೆ ಶುಕ್ರವಾರ ಸಹಿ ಬೀಳುವುದಿತ್ತು. ಇವತ್ತು ಬುಧವಾರ.

ಒಂದೇ ಒಂದು ಸಾಲು! ಇಪ್ಪತ್ತೆರಡು ವರ್ಷ ಸಾಕಿದ ಮಗನಿಗೆ ಒಂದು ಸಾಲು, ಅದೂ ಸುಳ್ಳು ಸಾಲು. ಬೀಡಿ ಕೂಡ ಮುಟ್ಟದವನ ಅಂಗಿಯ ಮೇಲೆ ಬ್ರಾಂದಿ ವಾಸನೆ ಬಂತಂತೆ, ಪಕ್ಕದಲ್ಲಿ ಪ್ಯಾಕೆಟ್ಟು ಸಿಕ್ಕಿತಂತೆ, ಮುಗಿಯಿತಂತೆ. ಬಡವರ ಸಾವಿಗೆ ಎರಡನೇ ಸಾಲು ಬರೆಯುವಷ್ಟು ಶಾಯಿ ಯಾವ ಆಫೀಸಿನಲ್ಲೂ ಇರುವುದಿಲ್ಲ.

"ಏನಾರ ತಿಳೀತೇನ್ಲಾ?" ಅಂತ ಕೇಳಿದಳು ವನಜಾಕ್ಷಿ. ಠಾಣೆಯ ಹೆಡ್ ಕಾನ್‌ಸ್ಟೇಬಲ್. ಈ ತಾಯಿ ಮೂರು ಸಲ ಠಾಣೆಗೆ ಬಂದು ಬಾಯಲ್ಲಿ ಶಬ್ದ ಮಾಡಿ ತೋರಿಸಿದಾಗ, ಬೇರೆಯವರೆಲ್ಲ ಮುಖ ತಿರುಗಿಸಿ ನಕ್ಕರೆ, ಇವಳೊಬ್ಬಳು ಕುರ್ಚಿ ಎಳೆದು ಕೂರಿಸಿದ್ದಳು. ತಿಪ್ಪೇರುದ್ರನನ್ನು ಮಧುಗಿರಿಯಿಂದ ಕರೆತಂದವಳೂ ಅವಳೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕು ಸೇರಿದರೂ ಗಾಡಿಯ ಶಬ್ದ ಕೇಳಿ ರೋಗ ಹೇಳುವವರು ಇಬ್ಬರೇ. ಒಬ್ಬ ಗ್ಯಾರೇಜಿನ ಪಾಲಪ್ಪ ಮೇಸ್ತ್ರಿ. ಇನ್ನೊಬ್ಬ ಅವನ ಕೈಕೆಳಗೆ ಬೆಳೆದ ತಿಪ್ಪೇರುದ್ರ.

ತಿಪ್ಪೇರುದ್ರ ಮನಸ್ಸಿನಲ್ಲೇ ಶಬ್ದಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಗ್ಯಾರೇಜಿಗೆ ಬರುವ ಗಿರಾಕಿಗಳೆಲ್ಲ ಬಾಯಲ್ಲೇ ಶಬ್ದ ಮಾಡಿ ತೋರಿಸುತ್ತಾರೆ. ಒಬ್ಬ ನಾಯಿಮರಿ ಹಾಗೆ ಕುಂಯ್‌ಗುಡುತ್ತಾನೆ, ಇನ್ನೊಬ್ಬ ಎಮ್ಮೆ ಹಾಗೆ ಗುಟುರು ಹಾಕುತ್ತಾನೆ, ಅದರಲ್ಲಿ ಮುಕ್ಕಾಲು ಪಾಲು ಅವರ ಭಯವೇ ಹೊರತು ಗಾಡಿಯ ರೋಗ ಇರುವುದಿಲ್ಲ. ಇವಳದು ಹಾಗಲ್ಲ. ನಾಲ್ಕು ಸಲ ಮಾಡಿಸಿದ್ದ. ನಾಲ್ಕು ಸಲವೂ ಒಂದು ಎಳೆ ಹೆಚ್ಚುಕಮ್ಮಿ ಇಲ್ಲ. ಓದಿದವರು ಹುಚ್ಚು ಅಂದದ್ದು, ಎಂಟನೇ ಕ್ಲಾಸಿಗೆ ಮಣ್ಣು ಹಾಕಿ ಬಂದ ತಿಪ್ಪೇರುದ್ರನಿಗೆ ಬರೆದು ಕೊಟ್ಟಷ್ಟು ಸ್ಪಷ್ಟವಾಗಿತ್ತು.

"ಅವ್ವ, ಢಬ್ ಅಂದ್ಮೇಲೆ ಬಾಗ್ಲು ತೆಗೆದ ಶಬ್ದ ಆತಾ?"

"ಆತು ಕಣಪ್ಪ."

"ಒಂದಾ ಎಲ್ಡಾ?"

ಅವಳು ಕಣ್ಣು ಮುಚ್ಚಿ ಯೋಚಿಸಿದಳು. "ಎಲ್ಡು. ಈ ಕಡೆ ಒಂದು, ಆ ಕಡೆ ಒಂದು. ಮಾತು ಮಾತ್ರ ಕೇಳಿಸ್ಲಿಲ್ಲ."

"ನೀನು ಎಲ್ಲಿದ್ದೆ?"

"ಬೇಲಿ ಈಚೆ. ಕತ್ತಾಳೆ ಬೇಲಿ ಐತಲ್ಲ, ಆಳೆತ್ತರ, ಏನೂ ಕಾಣಾಕಿಲ್ಲ. ಸಂಜೆ ಹೊತ್ತು. ಬೆಳಗಿನ ಬಸ್ಸಿಗೆ ಸೇವಂತಿಗೆ ಕಳಿಸ್ಬೇಕಿತ್ತು. ಬುಡಿಸ್ತಿದ್ದೆ." ಅವಳ ಬೆರಳು ತಾನಾಗಿಯೇ ಗಾಳಿಯಲ್ಲಿ ಹೂ ಬಿಡಿಸತೊಡಗಿತು. "ಯಾರೋ ಬಿದ್ರು ಅಂತ ಗೊತ್ತಾತು. ಎದ್ದು ಹೋಗ್ಬೇಕು ಅಂತ ಸೊಂಟ ಎತ್ತಿದ್ದೆ ಕಣಪ್ಪ. ಅಷ್ಟ್ರಲ್ಲಿ ಕಾರು ನಿಂತ್ಕಂತು. ನಿಂತವ್ರೆ ಅಂದ್ಮೇಲೆ ನೋಡ್ಕೊಂತಾರೆ ಬುಡು, ಕಾರಿನೋರು, ಆಸ್ಪತ್ರೆಗೆ ಹಾಕ್ಕೊಂಡೋಯ್ತಾರೆ ಅಂದ್ಕಂಡೆ."

ಅವಳ ಬೆರಳು ಗಾಳಿಯಲ್ಲಿ ಮತ್ತೊಂದು ಹೂ ಕಿತ್ತಿತು.

"ಇನ್ನೂ ಎಲ್ಡು ಸಾಲು ಬುಡಿಸ್ದೆ," ಅಂದಳು ನರಸಿಂಹಮ್ಮ.

ಒಳಗಿನಿಂದ ಅವಳ ತಮ್ಮ ನವೀನ್ ಕುಮಾರ್ ಟೀ ಲೋಟಗಳನ್ನು ಹಿಡಿದು ಬಂದ. ಮೂವತ್ತೈದರ ಆಸುಪಾಸಿನ ಆಳು, ಗಡ್ಡ ಬೆಳೆದಿತ್ತು. ರಂಗೇಶ ಸತ್ತ ಮೇಲೆ ಮಧುಗಿರಿಯ ಮನೆ ಬಿಟ್ಟು ಅಕ್ಕನ ಜೊತೆಯೇ ಇದ್ದ. ಅಡುಗೆ ಅವನದೇ, ತಲೆಗೆ ಎಣ್ಣೆ ಒತ್ತುವವನೂ ಅವನೇ. ಹೆಣ ಕೊಯ್ಯಿಸುವುದು ಬೇಡ ಅಂತ ಠಾಣೆಯಲ್ಲಿ ಕಾಲು ಹಿಡಿದು, ಅವತ್ತೇ ಮಣ್ಣು ಮಾಡಿಸಿದವನೂ ಸೋದರಮಾವನಾದ ಅವನೇ. ಗಂಡ ಎಂದೋ ಸತ್ತಿದ್ದ ನರಸಿಂಹಮ್ಮನಿಗೆ ತನ್ನವರು ಅಂತ ಉಳಿದಿದ್ದವನು ಅವನೊಬ್ಬ.

"ಸಾಕು ಬುಡಣ್ಣ," ಅಂದ ಅವನು ತಿಪ್ಪೇರುದ್ರನಿಗೆ. "ಅವ್ಳ ಕೈಲಿ ಅದೇ ಅದೇ ಮಾಡುಸ್ಬ್ಯಾಡ. ರಾತ್ರಿಯೆಲ್ಲ ನಿದ್ದೆ ಮಾಡಾಕಿಲ್ಲ."

"ಇದು ಹುಚ್ಚಲ್ಲ ನವೀನಣ್ಣ!" ತಿಪ್ಪೇರುದ್ರನಿಗೆ ಸಿಟ್ಟು ತಡೆಯಲಾಗಲಿಲ್ಲ, ಎದ್ದು ನಿಂತ. "ಊರಿನೋರೆಲ್ಲ ಕಿವೀಲಿ ಹತ್ತಿ ಇಟ್ಕೊಂಡವ್ರಾ? ಟಿಣ್ ಟಿಣ್ ಅಂದ್ರೆ ಏನು ಗೊತ್ತಾ ಮೇಡಮ್ಮು? ಬಿಸಿಯಾಗಿರೋ ಸೈಲೆನ್ಸರ್ ಪೈಪು ಆರೋ ಶಬ್ದ. ಇಂಜಿನ್ ಆಫ್ ಮಾಡಿದ್ರೆ ಮಾತ್ರ ಬರೋದು. ಅದು ಪೂರ್ತಿ ನಿಲ್ಬೇಕು ಅಂದ್ರೆ ಕಾಲು ಗಂಟೆ, ಇಪ್ಪತ್ತು ನಿಮಿಷ. ಅಂದ್ರೆ ಗುದ್ದಿ ಓಡೋಗ್ಲಿಲ್ಲ. ನಿಲ್ಸಿ, ಆಫ್ ಮಾಡಿ, ಅವ್ನು ಒದ್ದಾಡೋದನ್ನ ಇಪ್ಪತ್ತು ನಿಮಿಷ ನೋಡ್ಕೊಂಡು ನಿಂತಿದ್ರು!"

ನರಸಿಂಹಮ್ಮನ ಬೆರಳು ನಿಂತಿತು. ಹೇಳಬಾರದಾಗಿತ್ತು ಅಂತ ತಿಪ್ಪೇರುದ್ರನಿಗೆ ಅನ್ನಿಸಿದ್ದು ಹೇಳಿದ ಮೇಲೆ.

"ಆ ಗಿರ್ರ್ ಟಪ್?" ಅಂತ ವನಜಾಕ್ಷಿ ಮೆಲ್ಲಗೆ ಕೇಳಿದಳು.

"ಲೈಟು. ಬಾನೆಟ್ಟಿನೊಳಗೆ ಮಲಗಿರ್ತಾವೆ, ಸ್ವಿಚ್ ಒತ್ತಿದ್ರೆ ಮೋಟ್ರು ತಿರುಗಿ ಮೇಲೇಳ್ತಾವೆ. ಒಂದು ಬೇಗ ಎದ್ದೈತೆ, ಇನ್ನೊಂದು ತಡವಾಗಿ. ಅಂಥ ಕಾರು ಈ ನಾಲ್ಕು ತಾಲ್ಲೂಕಲ್ಲಿ ಒಂದೇ. ರೇಣುಕಯ್ಯಂದು."

ಟೀ ಲೋಟ ನವೀನನ ಕೈಯಲ್ಲಿ ಅಲುಗಲಿಲ್ಲ. ಅದನ್ನು ಅವನು ಜೋಪಾನವಾಗಿ ಅಕ್ಕನ ಪಕ್ಕ ಇಟ್ಟ. ರೇಣುಕಯ್ಯನ ಕಲ್ಯಾಣ ಮಂಟಪದಲ್ಲಿ ಹನ್ನೊಂದು ವರ್ಷದಿಂದ ಮ್ಯಾನೇಜರ್ ಆಗಿದ್ದವನು ಅವನೇ.

"ರೇಣುಕಯ್ಯೋರ ಕಾರು ಅನ್ನೋದಾದ್ರೆ," ಅಂದ ಅವನು, "ಆವತ್ತು ಅದು ನಮ್ಮ ಶೆಡ್ಡಲ್ಲಿ ಇರ್ಲಿಲ್ಲಣ್ಣ. ಏನೋ ಶಬ್ದ ಬರ್ತೈತೆ ಅಂತ ನಿಮ್ಮ ಪಾಲಪ್ಪನ ಗ್ಯಾರೇಜಿಗೆ ನಾನೇ ಬಿಟ್ಬಂದಿದ್ದೆ."

ತಿಪ್ಪೇರುದ್ರ ಟೀ ಮುಟ್ಟದೆ ಅಂಗಳ ದಾಟಿ ನಡೆದ.

ಕೊರಟಗೆರೆ ದಾಟಿದ್ದೇ, ಸ್ಕೂಟರಿನ ಹಿಂದೆ ಕೂತಿದ್ದ ಅವನ ಕಡೆ ವನಜಾಕ್ಷಿ ಕತ್ತು ತಿರುಗಿಸಿದಳು.

"ಏನ್ಲಾ, ನನ್ನ ಸ್ಕೂಟ್ರು ಇಷ್ಟು ಕಿರುಚ್ತೈತೆ, ಬೆಲ್ಟು ಹೋಗೈತೆ, ಬ್ರೇಕು ಹೋಗೈತೆ ಅಂತ ಏನಾರ ಅನ್ಬೇಕಿತ್ತಲ್ಲ ನೀನು?"

"ಗಾಡಿ ನಿಲ್ಸಿ ಮೇಡಮ್ಮು."

ಹುಣಸೆ ಮರದ ನೆರಳಿಗೆ ನಿಲ್ಲಿಸಿದಳು. ದೂರದಲ್ಲಿ ಮಧುಗಿರಿಯ ಬಂಡೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

"ಒಂದು ವಿಷ್ಯ ಅಲ್ಲಿ ಹೇಳ್ಲಿಲ್ಲ," ಅಂದ ತಿಪ್ಪೇರುದ್ರ. "ಆ ಗೂಂ ಅನ್ನೋದು ಏರಿ ಇಳಿದು ಆಯ್ತಲ್ಲ. ಅದು ಚಕ್ರದ ಬೇರಿಂಗ್ ಸವೆದಿರೋ ಶಬ್ದ. ನೆಟ್ಟಗೆ ಓಡಿಸಿದ್ರೆ ಒಂದೇ ಸಮ ಬರ್ತೈತೆ. ಏರಿ ಇಳೀಬೇಕು ಅಂದ್ರೆ ಕಾರನ್ನ ರಸ್ತೆ ಮೇಲೆ ಹಾವಿನ ಹಂಗೆ ಓಡಿಸ್ಬೇಕು. ಎಡಕ್ಕೆ ಎಳೆದ್ರೆ ಭಾರ ಬಲಗಡೆ ಚಕ್ರದ ಮೇಲೆ ಬೀಳ್ತೈತೆ, ಬಲಕ್ಕೆ ಎಳೆದ್ರೆ ಎಡಗಡೆ. ಯಾವಾಗ ಶಬ್ದ ಏರ್ತೈತೋ ನೋಡ್ಕಂಡು ಯಾವ ಬೇರಿಂಗ್ ಹೋಗೈತೆ ಅಂತ ಹೇಳ್ತೀವಿ."

"ಹೇಳ್ತೀವಿ ಅಂದ್ರೆ?"

"ಹಂಗೆ ಓಡಿಸೋದು ಕುಡುಕ್ರಲ್ಲ, ಮಜಾ ಮಾಡೋ ಹುಡುಗ್ರಲ್ಲ. ನಾವು. ಮೆಕ್ಯಾನಿಕ್ಕುಗಳು."

ವನಜಾಕ್ಷಿ ಹೆಲ್ಮೆಟ್ಟು ತೆಗೆದಳು. "ಆವತ್ತು ನೀನೆಲ್ಲಿದ್ದೆ?"

"ಪಾವಗಡದಲ್ಲಿ. ಸೋಲಾರ್ ಪ್ಲಾಂಟಿನೋರ ಜೀಪು ಕೆಟ್ಟು ನಿಂತಿತ್ತು. ಬೆಳಿಗ್ಗೆ ಹೋದೋನು ಮಾರನೇ ದಿನ ಬಂದೆ."

"ಹಂಗಾರೆ ಗ್ಯಾರೇಜಲ್ಲಿ ಇದ್ದೋರು?"

ಪಾಲಪ್ಪ ಒಬ್ಬನೇ. ತಿಪ್ಪೇರುದ್ರನ ಅಪ್ಪ ಸತ್ತು, ಅವ್ವ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ, ಕೈಗೆ ಮೊದಲ ಸ್ಪ್ಯಾನರು ಕೊಟ್ಟು, ಹೊಟ್ಟೆಗೆ ಮುದ್ದೆ ಹಾಕಿ, "ಕಣ್ಣಿಗಿಂತ ಕಿವಿ ನಂಬು ಮಗಾ" ಅಂದವನು ಪಾಲಪ್ಪ. ಆದರೆ ಪಾಲಪ್ಪ ಕಾರು ಓಡಿಸಿ ಆರು ವರ್ಷವಾಗಿತ್ತು. ಲಾರಿ ಕೆಳಗೆ ಜಾಕ್ ಜಾರಿ ಅವನ ಎಡಮೊಣಕಾಲು ಮುರಿದಿತ್ತು. ಅದು ಈಗ ಮಡಚುವುದಿಲ್ಲ, ಕ್ಲಚ್ ಒತ್ತಲಾಗುವುದಿಲ್ಲ.

"ಮೊದ್ಲು ಕಾರು ನೋಡೋಣ," ಅಂದ ತಿಪ್ಪೇರುದ್ರ.

ರೇಣುಕಯ್ಯ ಮಂಟಪದ ಹಿಂದಿನ ಶೆಡ್ಡಿನ ಬೀಗ ತೆಗೆಯುತ್ತಲೇ ಶುರುಮಾಡಿದ. "ನೋಡಮ್ಮ, ಇದು ಕಾರಲ್ಲ, ಕುದುರೆ. ಮೂವತ್ತೆರಡು ವರ್ಷದ್ದು. ಎರಡೇ ಬಾಗ್ಲು, ಎರಡೇ ಸೀಟು, ಹೊರದೇಶದಿಂದ ಹಡಗಲ್ಲಿ ಬಂದಿದ್ದು. ಮೊದ್ಲು ಸ್ಟಾರ್ಟ್ ಮಾಡಿದ್ರೆ ಘುರ್ರ್ರ್ ಅಂತ ಹುಲಿ ಹಂಗೆ ಅನ್ನೋದು. ಈಗ ಗೊರ್ ಗೊರ್ ಅಂತದೆ, ನಮ್ಮ ಚಿಕ್ಕಪ್ಪನ ಗೊರಕೆ ಹಂಗೆ."

"ಇಪ್ಪತ್ತಾರು ದಿನದ ಹಿಂದೆ ನೀವೆಲ್ಲಿದ್ರಿ?" ಅಂದಳು ವನಜಾಕ್ಷಿ.

"ನಾಗಲಮಡಿಕೆ. ಸೊಸೆ ಕಡೆಯೋರ ಹರಕೆ, ಮನೆ ಮಂದಿಯೆಲ್ಲ ಮೂರು ದಿನ ಅಲ್ಲೇ. ಬೇಕಾದ್ರೆ ಪೂಜಾರೀನ ಕೇಳಿ. ಕಾರು ಪಾಲಪ್ಪನ ಹತ್ರ ಬಿಡು ಅಂತ ನವೀನನಿಗೆ ಹೇಳಿ ಹೋಗಿದ್ದೆ. ಯಾಕಮ್ಮ? ಏನಾತು?"

ತಿಪ್ಪೇರುದ್ರ ಆಗಲೇ ಕಾರಿನೊಳಗೆ ಕೂತಿದ್ದ. ಮಂಟಪದ ಸುತ್ತ ಎರಡು ಸುತ್ತು ಓಡಿಸಿದ, ಎಡಕ್ಕೆ ಎಳೆದ, ಬಲಕ್ಕೆ ಎಳೆದ. ಗೂಂ ಅನ್ನುವ ಶಬ್ದ ಇರಲಿಲ್ಲ. ಲೈಟಿನ ಸ್ವಿಚ್ ಒತ್ತಿದ. ಎರಡೂ ಕಣ್ಣು ಒಂದೇ ಸಲ ತೆರೆದವು.

ಅವನ ಎದೆಯೊಳಗೆ ಏನೋ ಹಗುರಾಯಿತು. ಈ ಕಾರಲ್ಲ. ಇನ್ನೊಂದು ಕಾರು ಇರಬಹುದು, ಬೆಂಗಳೂರಿನವರು ಯಾರೋ ಬಂದು ಹೋಗಿರಬಹುದು. ಆ ಹಗುರದಲ್ಲೇ ಕೆಳಗಿಳಿದು, ಬಲಗಡೆಯ ಕಣ್ಣಿನ ಕೆಳಗೆ ಟಾರ್ಚು ಬಿಟ್ಟು ನೋಡಿದ.

ಲೈಟಿನ ತೋಳು ತಿರುಗುವ ಜಾಗದಲ್ಲಿ ಒಂದು ಬುಷ್ ಇತ್ತು. ತೋಳು ಸಲೀಸಾಗಿ ಆಡಲೆಂದು ಕೂರಿಸುವ ಬಳೆ, ಉಂಗುರದಷ್ಟೇ ಗಾತ್ರ. ಕಬ್ಬಿಣದ್ದಲ್ಲ, ಪ್ಲಾಸ್ಟಿಕ್ಕಿನದೂ ಅಲ್ಲ. ಕಟ್ಟಿಗೆಯದು.

ಈ ಕಾರಿನ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಶಿರಾದ ಸಾಬರ ಹಳೇ ಸಾಮಾನಿನ ಅಂಗಡಿಯಲ್ಲಿ ಬೇರಿಂಗ್ ಏನೋ ಹೊಂದಿಸಿಕೊಳ್ಳಬಹುದು. ಈ ಬುಷ್ ಮಾತ್ರ ಹುಣಸೆ ಕಟ್ಟಿಗೆಯ ಚೇಗನ್ನು, ಅಂದರೆ ಒಳಗಿನ ಗಟ್ಟಿ ತಿರುಳನ್ನು, ಉಳಿಯಲ್ಲಿ ಕೊರೆದು, ಹರಳೆಣ್ಣೆಯಲ್ಲಿ ವಾರಗಟ್ಟಲೆ ನೆನೆಹಾಕಿ ಮಾಡಬೇಕು. ಹಾಗೆ ಮಾಡುವ ಕೈ ಲೋಕದಲ್ಲಿ ಒಂದೇ, ಪಾಲಪ್ಪನದು. ಹರಳೆಣ್ಣೆ ಇನ್ನೂ ಆರಿರಲಿಲ್ಲ, ಬೆರಳಿಗೆ ಅಂಟಿತು.

ಈ ಕಾರಿನ ಕೆಲಸ ನಾಲ್ಕು ವರ್ಷದಿಂದ ತಿಪ್ಪೇರುದ್ರನೇ ಮಾಡುತ್ತಿದ್ದ. ಬುಷ್ ಬದಲಾಗಿದ್ದು ಅವನಿಗೆ ಯಾರೂ ಹೇಳಿರಲಿಲ್ಲ.

ಎಡಗಡೆಯ ಮುಂದಿನ ಮೂಲೆಯಲ್ಲಿ ಅಂಗೈಯಗಲ ಬಣ್ಣ ಉಳಿದ ಕೆಂಪಿಗಿಂತ ಒಂದು ಚೂರು ಹೊಸದಾಗಿತ್ತು. ಅಲ್ಲಿ ಕೈ ಇಟ್ಟುಕೊಂಡು ಅವನು ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲೇ ಕೂತಿದ್ದ.

"ಏನ್ಲಾ, ಶಬ್ದ ಏನಾರ ಐತಾ?" ಅಂದ ರೇಣುಕಯ್ಯ.

"ಇಲ್ಲ," ಅಂದ ತಿಪ್ಪೇರುದ್ರ. "ಯಾರೋ ಎಲ್ಲಾ ಶಬ್ದಾನೂ ತೆಗೆದವ್ರೆ."

ಗ್ಯಾರೇಜು ಪಾವಗಡ ರಸ್ತೆಯಲ್ಲಿತ್ತು. ಮಧ್ಯಾಹ್ನ ಮೂರು ಗಂಟೆ. ಪಾಲಪ್ಪ ಹಳೇ ಟೈರಿನ ಮೇಲೆ ಕೂತು, ಮಡಚದ ಕಾಲನ್ನು ಮುಂದಕ್ಕೆ ಚಾಚಿ, ಕಾರ್ಬೊರೇಟರ್ ಬಿಚ್ಚುತ್ತಿದ್ದ. ತಿಪ್ಪೇರುದ್ರನ ಹಿಂದೆ ಖಾಕಿ ಕಂಡದ್ದೇ ಸ್ಪ್ಯಾನರು ಕೆಳಗಿಟ್ಟ. ಕೈಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಕೊಂಡ, ಒಂದೊಂದೇ ಬೆರಳು.

"ಎಷ್ಟು ದಿನಕ್ಕೆ ಕೇಳ್ತೀಯ ಅಂತ ಕಾಯ್ತಿದ್ದೆ ಕಣ್ಲಾ," ಅಂದ. "ಬರೀಕಳಮ್ಮ. ಕಾರು ಓಡಿಸಿದ್ದು ನಾನೇ."

"ಸುಳ್ಳು!" ತಿಪ್ಪೇರುದ್ರ ಕಾಲಡಿಯಲ್ಲಿದ್ದ ಡಬ್ಬ ಒದ್ದ, ನಟ್ಟು ಬೋಲ್ಟು ಚೆಲ್ಲಾಪಿಲ್ಲಿಯಾದವು. "ಯಾವ ಕಾಲಲ್ಲಿ ಕ್ಲಚ್ ಒತ್ತಿದೆ ಮೇಸ್ತ್ರಿ? ಸೈಕಲ್ ಹತ್ತಕ್ಕಾಗಲ್ಲ ನಿನಗೆ. ಆ ಕಾರಿನ ಸೀಟು ಮೊಳದೆತ್ತರ ಇಲ್ಲ, ಕೂತ್ರೆ ಏಳ್ಸಕ್ಕೆ ಇಬ್ರು ಬೇಕು. ನಂಗೇ ಸುಳ್ಳು ಹೇಳ್ತೀಯಾ?"

"ಓಡಿಸಿದ್ದು ನಾನೇ ಕಣ್ಲಾ."

"ಬಾಗ್ಲು ಎರಡೂ ತೆಗೆದ್ವಂತೆ. ಆಯಮ್ಮ ಕೇಳ್ಸ್ಕೊಂಡವ್ಳೆ. ಇನ್ನೊಬ್ರು ಯಾರು?"

ಪಾಲಪ್ಪ ತಲೆ ಎತ್ತಿದ. "ಆಯಮ್ಮ ಅಂದ್ರೆ?"

"ರಂಗೇಶನ ಅವ್ವ. ಬೇಲಿ ಈಚೆ ಹೂ ಬುಡಿಸ್ತಿದ್ಲು. ಎಲ್ಲಾ ಕೇಳಿಸ್ಕೊಂಡವ್ಳೆ, ಮೊದ್ಲಿಂದ ಕಡೇವರ್ಗೂ. ನೀವು ನಿಂತ್ರಿ ಅಂತಾನೇ ಅವ್ಳು ಎದ್ದು ಬರ್ಲಿಲ್ಲ. ಕಾರು ನಿಂತೈತೆ, ನೋಡ್ಕೊಂತಾರೆ ಅಂತ ನಿಮ್ಮನ್ನ ನಂಬಿದ್ಲು ಮೇಸ್ತ್ರಿ!"

ಅರವತ್ತು ದಾಟಿದ ಮನುಷ್ಯ. ಲಾರಿ ಕೆಳಗೆ ಕಾಲು ಮುರಿದಾಗಲೂ ಕೂಗದವನು. ಅವನ ಗಂಟಲಿನಿಂದ ಹೊರಟ ಶಬ್ದಕ್ಕೆ ತಿಪ್ಪೇರುದ್ರನ ಹತ್ತಿರ ಹೆಸರಿರಲಿಲ್ಲ.

"ಹಂಗಾರೆ ನಿಜವಾಗ್ಲೂ ಇದ್ಲಾ," ಅಂದ ಪಾಲಪ್ಪ. "ಹುಡುಗ ಹೇಳ್ದ. ತಲೆಗೆ ಪೆಟ್ಟಾಗಿ ಏನೋ ಬಡಬಡಿಸ್ತಾನೆ ಅಂದ್ಕಂಡೆ."

"ಏನು ಹೇಳ್ದ?"

"ಅವ್ವ ಬೇಲಿ ಆಚೆ ಅವ್ಳೆ, ಕರೀರಿ ಅಂದ."

ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು. ತಿಪ್ಪೇರುದ್ರ ಮೇಸ್ತ್ರಿಯ ಎದುರು ಕುಕ್ಕರಿಸಿದ.

"ಮೇಸ್ತ್ರಿ," ಅಂದ, "ಸ್ಟಿಯರಿಂಗ್ ಯಾರ ಕೈಲಿತ್ತು?"

ಪಾಲಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ ನೆಲ ನೋಡುತ್ತಾ ಹೇಳತೊಡಗಿದ.

"ನೀನು ಪಾವಗಡಕ್ಕೆ ಹೋಗಿದ್ದೆ. ನಾಲ್ಕು ಗಂಟೆಗೆ ನವೀನ ಬಂದ, ಆತಾ ಮೇಸ್ತ್ರಿ ಅಂತ. ಬೇರಿಂಗ್ ಅಂತ ಗೊತ್ತು, ಯಾವ ಚಕ್ರದ್ದು ಅಂತ ಗೊತ್ತಿಲ್ಲ, ಬಿಸಿ ಆಗೋವರ್ಗೂ ಶಬ್ದ ಕೊಡಾಕಿಲ್ಲ, ಇಪ್ಪತ್ತು ಮೂವತ್ತು ಕಿಲೋಮೀಟ್ರು ಓಡಿಸ್ಬೇಕು ಅಂದೆ. ಹಂಗಾರೆ ಬಾ, ಹೊಳವನಹಳ್ಳಿಗೆ ಹೋಗಿ ಬರೋಣ, ಒಂದ್ಸಲಾನಾದ್ರೂ ಅಕ್ಕನಿಗೆ ಈ ಕಾರು ತೋರಿಸ್ಬೇಕು ಅಂದ. ಮಗೂ ಥರ ಖುಷಿಯಾಗಿದ್ದ."

ವನಜಾಕ್ಷಿ ಗೋಡೆಗೆ ಒರಗಿದಳು.

"ನಾನು ಪಕ್ಕದಲ್ಲಿ ಕೂತಿದ್ದೆ. ಕೊರಟಗೆರೆ ದಾಟಿದ್ಮೇಲೆ ಶಬ್ದ ಶುರುವಾತು. ನಾನು ಕೇಳೋದು ಹೆಂಗೆ ಅಂತ ನಿಂಗೆ ಗೊತ್ತಲ್ಲ."

ಗೊತ್ತಿತ್ತು. ತಿಪ್ಪೇರುದ್ರನಿಗೆ ಹೇಳಿಕೊಟ್ಟಿದ್ದೂ ಹಾಗೆಯೇ. ಕಣ್ಣು ಮುಚ್ಚಬೇಕು. ಕಣ್ಣು ತೆರೆದಿದ್ದರೆ ಕಿವಿ ಸೋಮಾರಿಯಾಗುತ್ತದೆ.

"ಕಣ್ಣು ಮುಚ್ಕೊಂಡೆ. ಎಡಕ್ಕೆ ಎಳಿ ಅಂದೆ. ಬಲಕ್ಕೆ ಎಳಿ ಅಂದೆ. ಶಬ್ದ ಏರೋದು, ಇಳಿಯೋದು. ಬಲಗಡೆ ಮುಂದಿನ ಚಕ್ರ ಅಂತ ಮುಕ್ಕಾಲು ಗೊತ್ತಾಗೋಗಿತ್ತು. ಇನ್ನೊಂದ್ಸಲ ನೋಡೋಣ ಅಂತ, ಜೋರಾಗಿ ಎಡಕ್ಕೆ ಎಳಿ ಅಂದೆ." ಪಾಲಪ್ಪನ ಕೈ ಗಾಳಿಯಲ್ಲಿ ಎಡಕ್ಕೆ ತಿರುಗಿತು. "ಅವ್ನು ನನ್ನ ಮುಖ ನೋಡ್ತಿದ್ನಂತೆ, ಮುಂದೇನು ಹೇಳ್ತಾನೋ ಅಂತ. ತೋಟದ ದಾರಿಯಿಂದ ಬೈಕು ಬಂದಿದ್ದು ಇಬ್ರೂ ನೋಡ್ಲಿಲ್ಲ."

"ಆಮೇಲೆ?"

"ಇಳಿದು ನೋಡಿದ್ರೆ ಅವ್ನ ಅಕ್ಕನ ಮಗ. ಎತ್ತಿ ಆಡಿಸಿದ ಹುಡುಗ. ದನೀನೇ ಹೊರಡ್ತಿರ್ಲಿಲ್ಲ, ಮಾವ ಅಂದ, ಅವ್ವ ಬೇಲಿ ಆಚೆ ಅವ್ಳೆ ಕರೀರಿ ಅಂದ. ಬಡಬಡಿಕೆ ಅನ್ಸಿದ್ರೂ ನಾನು ಕರೆಯಾಕೆ ಬಾಯಿ ತೆಗೆದೆ. ನವೀನ ಎರಡೂ ಕೈಯಲ್ಲಿ ನನ್ನ ಬಾಯಿ ಮುಚ್ದ. ಬ್ಯಾಡ ಮೇಸ್ತ್ರಿ, ಅಕ್ಕನ ಮುಖ ಹೆಂಗೆ ನೋಡ್ಲಿ, ಅಕ್ಕನ ಮುಖ ಹೆಂಗೆ ನೋಡ್ಲಿ ಅಂತ ಪಿಸುಮಾತಲ್ಲಿ ಅದೊಂದೇ. ಕಾರಿಗೆ ಹಾಕೋಣ ಅಂದೆ ಆಮೇಲೆ. ಎರಡೇ ಸೀಟು. ನನ್ನ ಬಿಟ್ಟು ಹೋಗು ಅಂದೆ. ಕೈ ನಡುಗಿ ಕೀ ತಿರುಗ್ಸಕ್ಕೆ ಆಗ್ಲಿಲ್ಲ ಅವನ್ಗೆ. ಅಷ್ಟ್ರಲ್ಲಿ ಹುಡುಗ ಹೋಗ್ಬುಟ್ಟಿದ್ದ. ಕತ್ತಲಾಗೋವರ್ಗೂ ಕೂತಿದ್ವಿ. ಆ ಬ್ರಾಂದಿ ಪ್ಯಾಕೆಟ್ಟು ಮಂಟಪದ ಯಾರೋ ಕಾರಲ್ಲಿ ಬಿಟ್ಟಿದ್ದು. ಅದನ್ನ ಅವ್ನು ಹುಡುಗನ ಅಂಗಿ ಮೇಲೆ ಸುರೀತಿದ್ರೆ ನಾನು ನೋಡ್ತಾ ನಿಂತಿದ್ದೆ."

"ನಿನ್ನ ಬಾಯಿ ಮುಚ್ಚಿದ್ದ ಅಂತೀಯಲ್ಲ ಮೇಸ್ತ್ರಿ," ಅಂದ ತಿಪ್ಪೇರುದ್ರ. ಅಳು ಬಂದಿತ್ತು, ಸಿಟ್ಟು ಅದಕ್ಕಿಂತ ಮುಂಚೆ ಬಂದಿತ್ತು. "ಇಪ್ಪತ್ತು ನಿಮಿಷ ಮುಚ್ಕೊಂಡೇ ಇದ್ನಾ? ಇಪ್ಪತ್ತಾರು ದಿನ ಮುಚ್ಕೊಂಡೇ ಅವ್ನಾ?"

ಪಾಲಪ್ಪ ವನಜಾಕ್ಷಿಯ ಕಡೆ ತಿರುಗಿದ.

"ಸ್ಟಿಯರಿಂಗ್ ಅವ್ನ ಕೈಲಿತ್ತು. ಎಡಕ್ಕೆ ಎಳಿ ಅಂದೋನು ನಾನು. ನಾನು ಹೇಳ್ದಂಗೆ ಕೈ ತಿರುಗ್ತು. ಓಡಿಸಿದ್ದು ಯಾರು ಅಂತ ನೀವೇ ಹೇಳಿ ತಾಯಿ. ನನ್ನ ಹೆಸ್ರು ಬರೀಕಳಿ. ಆಯಮ್ಮಂಗೆ ಉಳ್ದಿರೋದು ಅವ್ನೊಬ್ನೇ. ಬೆಳಗಾದ್ರೆ ಒಂದು ಲೋಟ ಕಾಫಿ ಕೊಡೋರು ಯಾರಿಲ್ಲ. ಮಗ ಕುಡುಕ ಅಲ್ಲ ಅಂತ ಆತದೆ, ತಮ್ಮನೂ ಉಳೀತಾನೆ. ನಂಗ್ಯಾರವ್ರೆ? ಜೈಲಲ್ಲೂ ರಿಪೇರಿ ಕೆಲ್ಸ ಇರ್ತದೆ."

ಕಡೆಯ ಮಾತಿಗೆ ಅವನು ನಗಲು ನೋಡಿದ. ಆಗಲಿಲ್ಲ.

ವನಜಾಕ್ಷಿ ಜೇಬಿನಿಂದ ಪುಸ್ತಕ ತೆಗೆದಳು. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದಳು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವಳು ಸುಳ್ಳು ಬರೆದದ್ದೂ ಉಂಟು, ನಿಜ ಬರೆದು ಬೈಸಿಕೊಂಡದ್ದೂ ಉಂಟು. ಹೀಗೆ ಪೆನ್ನು ಕೈಯಲ್ಲಿ ಭಾರವಾದದ್ದಿಲ್ಲ.

"ನೀನು ಹೇಳಪ್ಪ," ಅಂದಳು ತಿಪ್ಪೇರುದ್ರನಿಗೆ. "ಶಬ್ದ ಕೇಳಿ ಇಲ್ಲೀವರ್ಗೂ ತಂದೋನು ನೀನು. ಯಾವ ಹೆಸ್ರು ಬರೀಲಿ?"

ಗುರುವಿನ ಹೆಸರು ಬರೆಸಿದರೆ ಆ ತಾಯಿಗೆ ಮಗನ ಮಾನ ಸಿಗುತ್ತದೆ, ಕೊಂದ ಕೈಯಿಂದಲೇ ಅವಳು ಸಾಯುವವರೆಗೂ ಮುದ್ದೆ ತಿನ್ನುತ್ತಾಳೆ. ತಮ್ಮನ ಹೆಸರು ಬರೆಸಿದರೆ ಅವಳಿಗೆ ನಿಜ ಸಿಗುತ್ತದೆ, ಮನೆಯಲ್ಲಿ ದೀಪ ಹಚ್ಚುವವರು ಇರುವುದಿಲ್ಲ. ತಿಪ್ಪೇರುದ್ರ ಪಾಲಪ್ಪನನ್ನು ನೋಡಿದ. ಚೆಲ್ಲಿದ ನಟ್ಟುಗಳನ್ನು ನೋಡಿದ.

"ನಿಜ ಬರೀರಿ," ಅಂದ. "ಇಬ್ರುದೂ."

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ವನಜಾಕ್ಷಿಯ ಫೋನು ಹೊಡೆದುಕೊಂಡಿತು. ನಂಬರು ನೋಡಿ ಅವಳ ಹುಬ್ಬು ಗಂಟಾಯಿತು. ಸ್ಪೀಕರ್ ಹಾಕಿದಳು.

"ಮೇಡಮ್ಮಾರಾ ತಾಯಿ?" ನರಸಿಂಹಮ್ಮನ ದನಿ. ಬೆಳಿಗ್ಗೆ ಕೇಳಿದ್ದಕ್ಕಿಂತ ಸಮಾಧಾನವಾಗಿತ್ತು, ಬೇಕಾದ್ದಕ್ಕಿಂತ ಹೆಚ್ಚು ಸಮಾಧಾನವಾಗಿತ್ತು. "ಆ ಫೈಲು ಮುಚ್ಚಿಬುಡವ್ವ. ಶುಕ್ರವಾರದ ತನಕ ಯಾಕೆ, ಇವತ್ತೇ ಮುಚ್ಚು. ಯಾವ ಕಾರೂ ಇಲ್ಲ, ಏನೂ ಇಲ್ಲ. ನನ್ನ ಮಗ ಕುಡಿದು ಬಿದ್ದ."

ತಿಪ್ಪೇರುದ್ರ ಫೋನು ಕಿತ್ತುಕೊಂಡ. "ಅವ್ವ! ನವೀನಣ್ಣ ಪಕ್ಕದಲ್ಲವ್ನಾ? ಅವ್ನು ಹೇಳಿಸ್ತವ್ನಾ?"

"ಅವ್ನು ಒಳಗೆ ಮಲಗವ್ನೆ. ಎಲ್ಲಾ ಹೇಳ್ಕಂಡು ಅತ್ತೂ ಅತ್ತೂ ಈಗ ನಿದ್ದೆ ಹತ್ತೈತೆ. ಎಬ್ಬಿಸ್ಬ್ಯಾಡಿ."

"ನಿನ್ನ ಮಗ ಕುಡೀತಿರ್ಲಿಲ್ಲ ಅವ್ವ!"

ಆ ಕಡೆ ಒಂದು ಉಸಿರು ಕೇಳಿಸಿತು. ಒಳಕ್ಕೆ ಹೋಯಿತು, ಹೊರಗೆ ಬರಲು ಬಹಳ ಹೊತ್ತು ತೆಗೆದುಕೊಂಡಿತು.

"ನಂಗೊತ್ತಿಲ್ವೇನಪ್ಪ," ಅಂದಳು ನರಸಿಂಹಮ್ಮ. "ಕುಡಿದಿದ್ದ ಅಂತಾನೇ ಬರಿ."